ಹನ್ನೊಂದನೆಯ ಕಲಮು

೧೪ ಜೂನ್ ೧೯೯೯, ಸೋಮವಾರ. ಬೆಳಿಗ್ಗೆ ಏಳೂವರೆ

ಮೂರು ಕಾಗದ ಮುಗಿದವು. ಒಂದು ವಿದ್ಯುತ್ ಬಿಲ್ಲಿನ ತಕರಾರು, ಒಂದು ಹೊಲದ ವಾರಸಾ ಅರ್ಜಿ, ಒಂದು ಬೀಗರ ಮನೆಯಿಂದ ಬಂದ ಪತ್ರ. ಪತ್ರ ಬರೆದವನು ಸಿಟ್ಟಿನಲ್ಲಿದ್ದಾನೆ ಎಂಬುದು ಮೊದಲ ಸಾಲಿಗೇ ತಿಳಿಯಿತು. ಶಾಲೆಯ ಮೆಟ್ಟಿಲು ಹತ್ತಿಲ್ಲ ಎಂಬುದು ಎರಡನೆಯದಕ್ಕೆ. ಮೂರನ್ನೂ ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಕೆಳಗೆ ಕೆಂಪು ಸಹಿ ಹಾಕಿದೆ. ಆಮೇಲೆ ತಂದವರು, ಒತ್ತಬೇಕಾದಲ್ಲಿ ಹೆಬ್ಬೆಟ್ಟು ಒತ್ತಿ, ಎದ್ದು ಹೋದರು.

ಮೂವತ್ತೊಂದು ವರ್ಷದ ರೂಢಿ. ಅರವತ್ತೆಂಟರಲ್ಲಿ ಯಾವನೋ ಒಬ್ಬ ಗುಮಾಸ್ತ ಗುರಮ್ಮ ಎಂಬ ವಿಧವೆಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಆಕೆಯ ಹೊಲವನ್ನೇ ನುಂಗಿಬಿಟ್ಟ. ಅಂದು ಶಾಲೆಯ ಅಂಗಳದಲ್ಲಿ ನಿಂತು ಹೇಳಿದೆ — ಇನ್ನು ಮುಂದೆ ಯಾವ ಕಾಗದವಾದರೂ ಮೊದಲು ನನ್ನ ಮುಂದೆ. ನಾನು ನಿವೃತ್ತನಾಗಿ ಆರು ವರ್ಷ. ರೂಢಿ ಇನ್ನೂ ಕೆಲಸದಲ್ಲಿದೆ. ಮಾಸ್ತರರ ಕೆಂಪು ಸಹಿ ಬೀಳದ ಕಾಗದಕ್ಕೆ ಈ ಊರಿನಲ್ಲಿ ಯಾರೂ ಬೆರಳು ತಾಗಿಸುವುದಿಲ್ಲ. ಉಳಿದ ಯಾವ ವಿಷಯದಲ್ಲಿಯೂ ಇವರಿಗೆ ಇಷ್ಟು ಬುದ್ಧಿ ಇಲ್ಲ.

ಮನೆಯಾಕೆ ಒಳಗಿನಿಂದ: "ಚಹಾ ಆರ್ಲಾಕತ್ತದ. ಕಾಗದಾ ಏನ್ ಎದ್ದು ಓಡಿ ಹೋಗ್ತಾವೇನ್ರಿ?"

೧೬ ಜೂನ್, ಬುಧವಾರ

ಓಂಪ್ರಕಾಶ ಬಂದಿದ್ದ. ಎಂಟನೆಯ ತರಗತಿಯಲ್ಲಿ ಎರಡು ವರ್ಷ ಕುಳಿತವನು. ಈಗ ಸಫಾರಿ, ಸೊಂಟಕ್ಕೆ ಪೇಜರ್, ನಿಲಂಗಾದಲ್ಲಿ ಕಚೇರಿ. ಒಂದು ವಿದೇಶೀ ಕಂಪನಿಯ ಏಜೆಂಟ್. ಕಂಪನಿ ನಮ್ಮ ಕಾವಿಗುಡ್ಡವನ್ನು ಇಪ್ಪತ್ತು ವರ್ಷ ಲೀಸಿಗೆ ಕೇಳುತ್ತಿದೆ. ಅಲ್ಲಿನ ಕೆಂಪು ಕಲ್ಲು ಹೊರದೇಶದಲ್ಲಿ ಬಣ್ಣಕ್ಕೆ, ಹೆಂಚಿಗೆ, ನೆಲದ ಸಿಮೆಂಟಿಗೆ ಬೇಕಂತೆ.

"ಗುರೂಜಿ, ಎಂಟು ದಿವಸ ಆತು ಈ ಕಾಗದಾ ತಗೊಂಡು ತಿರಗ್ಲಾಕತ್ತೀನಿ. ಎಲ್ಲಾರ್ದೂ ಒಂದೇ ಮಾತು — ಮಾಸ್ತರ ಸಹಿ ಎಲ್ಲದ? ನಿಮ್ಮೂರಾಗ ಕಲೆಕ್ಟರಗಿಂತ ನಿಮ್ದೇ ಜಾಸ್ತಿ ನಡೀತದ ನೋಡ್ರಿ."

ಹೊಗಳಿಕೆ ಎಂದು ತಿಳಿಯಿತು. ಕ್ಷಮಿಸಿದೆ. ಕಾಗದವನ್ನು ಕ್ಷಮಿಸಲಾಗಲಿಲ್ಲ. ನಾಲ್ಕು ಪುಟ. ಮನೆಯಲ್ಲಿ ಕನ್ನಡ, ಸರಕಾರಿ ಕಾಗದದಲ್ಲಿ ಮರಾಠಿ, ಗಡಿಯ ಊರು ನಮ್ಮದು. ಮುಂಬಯಿಯ ಯಾವನೋ ಇಂಗ್ಲಿಷಿನಿಂದ ಮರಾಠಿಗೆ ಇಳಿಸಿದ್ದಾನೆ. ಇಳಿಸುವಾಗ ಕೈ ಜಾರಿ ಬಿದ್ದು ಕಾಲು ಮುರಿದಂತಿದೆ. ‘ವಿಕಾಸ’ ಎಂಬ ಮಾತು ಒಂದೇ ಪುಟದಲ್ಲಿ ಒಂಬತ್ತು ಸಲ. ಯಾರ ವಿಕಾಸ ಎಂದು ಒಂದು ಸಲವೂ ಇಲ್ಲ.

ಹನ್ನೊಂದನೆಯ ಕಲಮು ಮಾತ್ರ ಸ್ವಚ್ಛವಾಗಿದೆ. ಇಡೀ ಕಾಗದದಲ್ಲಿ ಗಮನವಿಟ್ಟು ಬರೆದದ್ದು ಅದೊಂದೇ. ನನ್ನ ಕನ್ನಡದಲ್ಲಿ: ‘ಅಗೆದ ಕಲ್ಲೆಲ್ಲವನ್ನೂ ಕಂಪನಿಯು ತನ್ನದೇ ವಿದೇಶೀ ಪಾಲುದಾರ ಸಂಸ್ಥೆಗೆ, ಅವೆರಡೂ ತಮ್ಮೊಳಗೆ ಒಪ್ಪಿಕೊಂಡ ದರಕ್ಕೆ, ಕೊಡತಕ್ಕದ್ದು. ಗುಡ್ಡದ ಮೇಲಿನ ಹಿಂದಿನ ಎಲ್ಲ ಪರವಾನಗಿಗಳೂ ರದ್ದಾಗತಕ್ಕದ್ದು.’ ಎಡಗಿಸೆ ಬಲಗಿಸೆಗೆ ಮಾರುತ್ತದೆ. ದರವನ್ನು ಅಂಗಿ ತೊಟ್ಟವನು ಗೊತ್ತುಮಾಡುತ್ತಾನೆ. ಇದಕ್ಕೆ ರಫ್ತು ಎಂದು ಹೆಸರು.

ಹಿಂದಿನ ಪರವಾನಗಿ ಎಂದರೆ ಒಂದೇ ಒಂದು. ವಿಜಯಶ್ರೀಯದು. ತಂಗಿ ಗುರುಬಾಯಿಯ ಮಗಳು. ಉದಗೀರದಲ್ಲಿ ಕಾವಿ ಗಿರಣಿ. ತಿಂಗಳಿಗೆ ನಾಲ್ಕು ಟ್ರ್ಯಾಕ್ಟರ್ ಕಲ್ಲು ಒಯ್ಯಲು ಅವಳ ಅಪ್ಪನ ಕಾಲದಿಂದ ಪಂಚಾಯಿತಿಯ ಅಪ್ಪಣೆ ಇದೆ. ದಸರೆ ದೀಪಾವಳಿಗೆ ಬೀದರಿನಿಂದ ಸೊಲ್ಲಾಪುರದವರೆಗೆ ಹೊಸ್ತಿಲಿಗೆ ಬಳಿಯುವುದು ಆ ಗಿರಣಿಯ ಕಾವಿಯನ್ನೇ. ತೊಂಬತ್ತಮೂರರಲ್ಲಿ, ಭೂಕಂಪದ ವರ್ಷ, ಅವಳ ಅಪ್ಪ ಕಾವಿ ಚೀಲ ಮಾರಲು ಉಮರ್ಗಾ ಕಡೆಗೆ ಹೋಗಿ ಒಂದು ಹಳ್ಳಿಯಲ್ಲಿ ರಾತ್ರಿ ಉಳಿದರು. ಬೆಳಗಾಗುವುದರೊಳಗೆ ಆ ಹಳ್ಳಿ ಇರಲಿಲ್ಲ. ಅಂದಿನಿಂದ ಗಿರಣಿ ವಿಜಯಳದು. ಹನ್ನೆರಡು ಹೆಂಗಸರು ಕೆಲಸಕ್ಕಿದ್ದಾರೆ. ಅರ್ಧದಷ್ಟು ಮಂದಿ ಭೂಕಂಪದ ವಿಧವೆಯರು.

"ಹನ್ನೊಂದನೆಯ ಕಲಮು ಏನಪ್ಪ?" ಎಂದೆ.

"ಅದು ಬರೀ ಫಾರ್ಮಾಲಿಟಿ, ಗುರೂಜಿ. ವಿಜಯಾತಾಯಿಗೆ ಮೊದಲ ಮಾಲು, ಆಮ್ಯಾಲ ಹಡಗಕ್ಕ."

"ಹಾಗೆಂದು ಬರೆದಿಲ್ಲ."

"ಎಲ್ಲಾ ಬರೀಲಾಕ ಬೇಕೇನ್ರಿ?"

ಮೂವತ್ನಾಲ್ಕು ವರ್ಷ ಬರೆಯಲು ಕಲಿಸಿದವನ ಮುಂದೆ ಇಂಥ ಮಾತು.

ಮಧ್ಯಾಹ್ನ ಕುಳಿತು ಇಡೀ ಕಾಗದವನ್ನು ಒಳ್ಳೆಯ ಮರಾಠಿಯಲ್ಲಿ ಬರೆದೆ. ಅಂಥ ಭಾಷೆ ನಮ್ಮೂರ ಮಂದಿಯ ಕಿವಿಗೆ ಬೀಳುವುದು ಬೇಡ. ಕಲಮುಗಳು ಇದ್ದ ಹಾಗೆಯೇ. ಕೆಂಪು ಸಹಿ ಬೀಳದಿದ್ದರೆ ಗ್ರಾಮಸಭೆಗೇ ಯಾರೂ ಬರುವುದಿಲ್ಲವಂತೆ, ಹಾಕಿ ಓಂಪ್ರಕಾಶನಿಗೆ ಕೊಟ್ಟೆ. ಒಂದು ನಕಲನ್ನು ನನ್ನಲ್ಲಿ ಇಟ್ಟುಕೊಂಡೆ. ಗಟ್ಟಿಯಾಗಿ ಓದುವುದನ್ನು ಸಭೆಗೆ ಇಟ್ಟುಕೊಂಡಿದ್ದೇನೆ. ನಾಲ್ಕು ನೂರು ಜನರ ಮುಂದೆ ಹನ್ನೊಂದನೆಯದನ್ನು ಓದಬೇಕು. ಆಗ ಓಂಪ್ರಕಾಶನ ಮುಖ ನೋಡಬೇಕು. ಆ ಆಸೆ ಇದೆ.

೪ ಜುಲೈ, ರವಿವಾರ

ಸಭೆ ಆಯಿತು.

ಸರಪಂಚ ಧೂಳಪ್ಪ ಮಾಲೆ ಹಾಕಿಸಿಕೊಂಡು ಕುಳಿತಿದ್ದ. ಯಾರಿಗೂ ಸನ್ಮಾನವಿರಲಿಲ್ಲ, ಮಾಲೆ ಮನೆಯಿಂದಲೇ ತಂದದ್ದು. ಓಂಪ್ರಕಾಶ ಮೈಕು ಹಿಡಿದ.

"ಹಿರಿಯರೇ, ತಾಯಂದಿರೇ. ತೊಂಬತ್ಮೂರರಾಗ ಭೂಮಿ ಯಾಕ ನಡಗ್ತು? ಕೆಳಗ ಗ್ಯಾಸ್ ತುಂಬದ. ಹೊರಗ ಬರ್ಲಾಕ ದಾರಿ ಇಲ್ಲ. ಈ ಗುಡ್ಡ ಅದರ ಮ್ಯಾಲ ಬೂಚಿನಂಗ ಕುಂತದ. ಕಂಪನಿಯವ್ರು ಮದ್ದು ತುಂಬಿ ಸುರಂಗ ಹಾರ್ಸಿ ಬೂಚ್ ತಗೀತಾರ. ಗ್ಯಾಸ್ ಹೊರಗ. ಮುಗೀತು."

ಹಿಂದಿನಿಂದ ಒಬ್ಬ ಮುದುಕಿ ಎದ್ದಳು. "ಹಂಗಾದ್ರ ಇನ್ನ ಭೂಕಂಪ ಆಗಂಗಿಲ್ಲೇನಪ್ಪ?"

"ಗ್ಯಾರಂಟಿ, ಆಯಿ."

ನಾಲ್ಕು ನೂರು ಕೈ ಮೇಲೆದ್ದವು. ಎಣಿಸಿದೆ: ನನ್ನ ಹಳೆಯ ವಿದ್ಯಾರ್ಥಿಗಳ ಕೈಗಳೇ ಅರವತ್ತು ಇರಬಹುದು. ಭೂಮಿಯ ಪದರಗಳ ಚಿತ್ರವನ್ನು ಬಣ್ಣದ ಪೆನ್ಸಿಲಿನಿಂದ ಬರೆದು ಹತ್ತಕ್ಕೆ ಏಳು ತೆಗೆದುಕೊಂಡವರು. ಬೂಚು. ಸೋಡಾ ಬಾಟಲಿ. ಆರು ವರ್ಷ ಹಿಂದೆ ಕೂಸುಗಳನ್ನು ಹೂಳಿದ ಕೈಗಳು.

ಎದ್ದೆ. ಧೋತರ ಝಾಡಿಸಿಕೊಂಡೆ. ಹೊರಟೆ. ಧೂಳಪ್ಪ ಮೈಕಿನಲ್ಲಿ, "ಗುರೂಜಿ ಎರಡು ಮಾತು ಹೇಳ್ತಾರೇನು?" ಎಂದ. ತಿರುಗಿ ನೋಡಲಿಲ್ಲ. ಇಂಥವರಿಗೆ ಹೇಳುವುದೆಂದರೆ ಮಾತಿಗೇ ಅಪಮಾನ.

ಕಾಗದ ಜುಬ್ಬಾದ ಕಿಸೆಯಲ್ಲಿಯೇ ಇದೆ. ಹನ್ನೊಂದನೆಯದರ ಕೆಳಗೆ ಗೆರೆ ಎಳೆದಿಟ್ಟಿದ್ದೆ.

ಮನೆಯಾಕೆ: "ಏನಂದ್ರಿ ಸಭಾದಾಗ?"

"ಏನೂ ಇಲ್ಲ."

"ಏನೂ ಅನ್ನದೇ ಬಂದ್ರಿ? ನೀವು?"

೨೨ ನವೆಂಬರ್, ಸೋಮವಾರ. ಸಂಜೆ

ನಾಲ್ಕು ಗಂಟೆಗೆ ಮೊದಲ ಸುರಂಗ ಹಾರಿತು. ಅಡಕಲಿನ ಗಡಿಗೆಗಳು ನಡುಗಿದವು. ಇಡೀ ಊರು ಬೀದಿಗೆ ಬಂತು. ಒಬ್ಬನ ಮುಖದಲ್ಲಿ ಅರ್ಧ ಸಾಬೂನು. ಒಬ್ಬಾಕೆ ಕೂಸನ್ನು ತಲೆಕೆಳಗಾಗಿ ಹಿಡಿದಿದ್ದಳು. ಮನೆಯಾಕೆ ಹಿಟ್ಟಿನ ಕೈಯಲ್ಲಿಯೇ ನನ್ನ ರಟ್ಟೆ ಹಿಡಿದು ಎಳೆದು ತಂದಳು. ನಾನೂ ಓಡಿದೆ ಎಂಬುದನ್ನು ಬರೆದಿಡಬೇಕು.

ಬೂಚು ತೆಗೆಯುವ ಸದ್ದು ಎಂದು ತಿಳಿದ ಮೇಲೆ ನಕ್ಕರು. ಕೆಲವರು ಅತ್ತರು. ಸಭೆಯಲ್ಲಿ ಗ್ಯಾರಂಟಿ ಕೇಳಿದ ಮುದುಕಿ ಮಾತ್ರ ಎರಡು ಗಂಟೆ ಹೊತ್ತು ಒಳಗೆ ಹೋಗಲಿಲ್ಲ.

ಉದ್ಘಾಟನೆಗೆ ಕಂಪನಿಯ ವಿದೇಶೀ ಸಾಹೇಬ ಬಂದಿದ್ದ. ಕಲ್ಲನ್ನು ಎಂಜಲು ಬೆರಳಿನಿಂದ ಒರೆಸಿ, ಬಣ್ಣ ನೋಡಿ, ತನ್ನ ಕರವಸ್ತ್ರಕ್ಕೆ ಒತ್ತಿಕೊಂಡ. ಅವನೊಬ್ಬನಿಗೆ ಕೆಲಸ ಗೊತ್ತಿದೆ. ಅದೇ ಭಯ.

೯ ಫೆಬ್ರವರಿ ೨೦೦೦, ಬುಧವಾರ. ಉದಗೀರ

ಬಸ್ಸಿನಲ್ಲಿ ಬಂದೆ. ವಿಜಯಳ ಗಂಡ ಬಾಲಾಜಿಯೇ ಕಂಡಕ್ಟರ್. ಆದರೂ ಟಿಕೆಟ್ ತೆಗೆದುಕೊಂಡೆ. ಅವನು ಹಲ್ಲು ಕಿರಿದ: "ಮಾಮಾರ ಕಡಿಂದ ರೊಕ್ಕಾ ತಗೊಂಡೆ ಅಂದ್ರ ಮನ್ಯಾಗ ನನಗ ಊಟ ಇಲ್ಲ."

ಅಡತಿ ಬಜಾರಿನಲ್ಲಿ ತೊಗರಿ ಚೀಲಗಳು ಬಿಸಿಲಿನಲ್ಲಿ ಬಿದ್ದಿವೆ. ಸುಗ್ಗಿ ಜೋರು, ಲಾರಿ ಇಲ್ಲ. ಸುತ್ತಿನ ಲಾರಿಗಳನ್ನೆಲ್ಲ ಕಂಪನಿ ವರ್ಷದ ಕರಾರಿನ ಮೇಲೆ ಹಿಡಿದಿದೆ. ಗುಡ್ಡದಿಂದ ಉಮರ್ಗಾ, ಉಮರ್ಗಾದಿಂದ ಹೆದ್ದಾರಿ ಹಿಡಿದು ಬಂದರಿಗೆ. ಧೂಳಪ್ಪನೇ ಮೂರು ಲಾರಿ ಕೊಂಡು ಕಂಪನಿಗೆ ಬಾಡಿಗೆ ಕೊಟ್ಟಿದ್ದಾನಂತೆ. ಬೇಳೆ ಗಿರಣಿಯವರು ಇದ್ದಬದ್ದ ಲಾರಿಗೆ ಒಂದೂವರೆ ಪಟ್ಟು ಬಾಡಿಗೆ ಕೊಡುತ್ತಾರೆ. ಅದನ್ನು ರೈತನ ದರದಿಂದ ಮುರಿದುಕೊಳ್ಳುತ್ತಾರೆ. ಮಣ್ಣು ಹೋಗಲೆಂದು ಬೇಳೆ ಕೊಳೆಯುತ್ತಿದೆ. ಪತ್ರಿಕೆಯವರಿಗೆ ಇದು ಕಾಣಲಿಲ್ಲ. ಅವರು ಬಂದದ್ದು ಕಂಪನಿಯ ಜೀಪಿನಲ್ಲಿ.

ಗಿರಣಿಗೆ ಹೋದೆ. ಹಿತ್ತಲಿನಲ್ಲಿ ಕಲ್ಲಿನ ರಾಶಿ ಮೊಣಕಾಲಿನಷ್ಟು. ಮೊದಲು ಮಾಳಿಗೆ ಮುಟ್ಟುತ್ತಿತ್ತು.

"ನಾಕು ತಿಂಗಳಾತು, ಮಾಮಾ. ಒಂದು ಟ್ರ್ಯಾಕ್ಟರ್ ಬಂದಿಲ್ಲ. ಓಂಪ್ರಕಾಶಗ ಫೋನ್ ಮಾಡಿದ್ರ ನಾಳೆ ಅಂತಾನ. ಅವನ ನಾಳೆ ಯಾವ ಕ್ಯಾಲೆಂಡರ್‌ದಾಗ ಅದನೋ."

ಪುಡಿ ಸಣ್ಣಗಾಯಿತೋ ಇಲ್ಲವೋ ನೋಡಲು ಇಲ್ಲಿ ಯಂತ್ರವಿಲ್ಲ. ಗುರುಬಾಯಿಯ ಹಲ್ಲು. ಪ್ರತಿ ಚೀಲದಿಂದ ಒಂದು ಚಿಟಿಕೆ ನಾಲಗೆಗೆ ಹಾಕಿ, ಮುಂದಿನ ಹಲ್ಲುಗಳ ನಡುವೆ ಉಜ್ಜುತ್ತಾಳೆ. ಕಿರಕ್ ಎಂದರೆ ಚೀಲ ಮತ್ತೆ ಬೀಸುಗಲ್ಲಿಗೆ. ಮೂವತ್ತು ವರ್ಷದಿಂದ ತುಟಿ ಕೆಂಪು. ಹೊಸಬರು ಎಲೆಅಡಕೆ ಎಂದುಕೊಳ್ಳುತ್ತಾರೆ. ಇಂದು ಆಕೆಯ ತುಟಿ ಬೆಳ್ಳಗಿತ್ತು.

"ಅಣ್ಣಾ, ಗುಡ್ಡ ಅಲ್ಲೇ ಅದ ಏನು?" ಎಂದಳು.

"ಅರ್ಧ ಇದೆ."

ಹನ್ನೊಂದನೆಯದರ ವಿಷಯ ಬಾಯಿಗೆ ಬಂದಿತ್ತು. ಬಂಡಮ್ಮ ಎಂಬ ಕೆಲಸದವಳು ಚಹಾ ತಂದಳು. ಚಹಾ ಕುಡಿದೆ.

೩೦ ಸೆಪ್ಟೆಂಬರ್ ೨೦೦೦, ಶನಿವಾರ

ಭೂಕಂಪಕ್ಕೆ ಏಳು ವರ್ಷ. ಬೆಳಗಿನ ಜಾವ ದೀಪ ಹಚ್ಚಿದರು. ಸಂಜೆ ನಾಲ್ಕಕ್ಕೆ ಎಂದಿನಂತೆ ಸುರಂಗ. ಊರವರು ಅದಕ್ಕೆ ‘ಗ್ಯಾರಂಟಿ’ ಎಂದು ಹೆಸರಿಟ್ಟಿದ್ದಾರೆ. "ಗ್ಯಾರಂಟಿ ಆತೇನು? ಎಮ್ಮಿ ಹಿಂಡ್ಲಾಕ ಹೋಗ್ತೀನಿ." ಇವರಿಗೆ ವ್ಯಂಗ್ಯ ಬರುತ್ತದೆ. ವಿವೇಕ ಬರುವುದಿಲ್ಲ.

ಪತ್ರಿಕೆಯಲ್ಲಿ ದಪ್ಪ ಅಕ್ಷರ: ಹಿಂದುಳಿದ ಸೀಮೆಯಿಂದ ರಫ್ತು ಇಮ್ಮಡಿ. ಇಮ್ಮಡಿಯಾದದ್ದು ತೂಕ. ಬೆಲೆಯನ್ನು ವೈಜನಾಥನಿಂದ ತಿಳಿದುಕೊಂಡೆ. ನನ್ನ ಶಿಷ್ಯರಲ್ಲಿ ಕೂಡಿಸಲು ಬರುತ್ತಿದ್ದವನು ಅವನೊಬ್ಬ. ಈಗ ನಿಲಂಗಾದ ತಹಶೀಲ ಕಚೇರಿಯಲ್ಲಿ ಗುಮಾಸ್ತ. ಕಂಪನಿ ತನ್ನ ಪಾಲುದಾರನಿಗೆ ಒಂದು ಲಾರಿ ಕಲ್ಲನ್ನು ಕೊಡುವ ದರಕ್ಕೆ ಉದಗೀರದ ಅಂಗಡಿಯಲ್ಲಿ ಹತ್ತು ಚೀಲ ಕಾವಿಯೂ ಬರುವುದಿಲ್ಲ. ಸರಕಾರಕ್ಕೆ ಬರುವ ಪಾಲು ಅದೇ ದರದ ಮೇಲೆ. ಊರಿಗೆ ಬರುವುದು ಅದರ ಮೇಲಿನ ಧೂಳು.

ಹೆಚ್ಚು ಕಳಿಸುತ್ತೇವೆ, ಕಡಿಮೆ ಪಡೆಯುತ್ತೇವೆ. ಅದನ್ನೇ ಪ್ರಗತಿ ಎಂದು ಅಚ್ಚು ಹಾಕುತ್ತೇವೆ. ಐದನೆಯ ತರಗತಿಯ ಹುಡುಗ ಹೀಗೆ ಲೆಕ್ಕ ಬಿಡಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಗಿರಣಿ ಈಗ ವಾರಕ್ಕೆ ಮೂರೇ ದಿನವಂತೆ. ಬಾಲಾಜಿ ಹೇಳಿದ.

೨೭ ಜನೆವರಿ ೨೦೦೧, ಶನಿವಾರ

ನಿನ್ನೆ ಗುಜರಾತಿನಲ್ಲಿ ಭೂಕಂಪ. ಕಚ್ಛದಲ್ಲಿ ಊರಿಗೆ ಊರೇ ಹೋಗಿವೆ. ಧ್ವಜ ಏರಿಸಿ ಮನೆಗೆ ಬಂದು ರೇಡಿಯೋದ ಮುಂದೆ ಕುಳಿತವರು ಏಳಲಿಲ್ಲ. ಹಾಸಿಗೆಗಳೆಲ್ಲ ಅಂಗಳದಲ್ಲಿ.

ಓಂಪ್ರಕಾಶನನ್ನು ಹಿಡಿದು ಕೇಳಿದರಂತೆ. ಅವನು: "ಅಲ್ಲೀ ಮಂದಿ ಗುಡ್ಡಾ ಅಗದಿಲ್ಲ. ಅದಕ್ಕೇ ಆತು." ಒಪ್ಪಿಕೊಂಡರು. ಇಷ್ಟು ಜನ ಸತ್ತ ಮರುದಿನ, ಇಷ್ಟು ಸುಲಭವಾಗಿ.

ಮನೆಯಾಕೆ ಚಾಪೆ ಹಾಸುತ್ತ: "ನಿಮಗ ಖರೇ ಗೊತ್ತಿತ್ತಲ್ಲ. ಅವತ್ತೇ ಹೇಳಿದ್ರ ಹಲ್ಲು ಉದರ್ತಿದ್ದುವೇನ್ರಿ?"

ಆಕೆ ನಾಲ್ಕನೆಯ ತರಗತಿಯವರೆಗೆ ಓದಿದ್ದಾಳೆ.

೧೯ ಏಪ್ರಿಲ್, ಗುರುವಾರ. ಉದಗೀರ

ಬಾಲಾಜಿ ನಿನ್ನೆ ಬಸ್ಸು ನಿಲ್ಲಿಸಿ ಹೇಳಿ ಹೋಗಿದ್ದ: "ವಿಜಯಾ ಕರದಾಳ್ರಿ. ಲಗು ಬರ್ರಿ."

ಗಿರಣಿಯ ಕಟ್ಟೆಯ ಮೇಲೆ ಒಂದು ಚೀಲ. ಹೊಳೆಯುವ ಪ್ಲಾಸ್ಟಿಕ್, ಪರದೇಶದ ಅಕ್ಷರ, ಒಂದು ಸಿಂಹದ ಚಿತ್ರ. ಈ ತಿಂಗಳ ಒಂದನೆಯ ತಾರೀಕಿನಿಂದ ಆಮದಿನ ಮೇಲಿದ್ದ ಉಳಿದ ಕಟ್ಟುಗಳನ್ನೂ ಸರಕಾರ ಸಡಿಲಿಸಿದೆ, ಪತ್ರಿಕೆಯಲ್ಲಿ ಓದಿದ್ದೆ. ಇಷ್ಟು ಬೇಗ ಉದಗೀರದ ಕಿರಾಣಿ ಗಲ್ಲಿಗೆ ಸಿಂಹ ಬರುತ್ತದೆ ಎಂದುಕೊಂಡಿರಲಿಲ್ಲ. ಒಳಗೆ ಕಾವಿ ಪುಡಿ. ಮೈದಾದಷ್ಟು ನುಣುಪು. ವಿಜಯಳ ಕಾವಿಗಿಂತ ಅಗ್ಗ.

"ಅವ್ವಗ ತೋರ್ಸಿಲ್ಲ ಇನ್ನೂ. ನೀವು ಬರ್ಲಿ ಅಂತ ಇಟ್ಟಿದ್ದೆ."

ಗುರುಬಾಯಿ ಚಿಟಿಕೆ ತೆಗೆದುಕೊಂಡಳು. ನಾಲಗೆಗೆ ಹಾಕಿದಳು. ಹಲ್ಲಿಗೆ ಉಜ್ಜಿದಳು. ಕಿರಕ್ ಎನ್ನಲಿಲ್ಲ. ಪುಡಿಯನ್ನು ನಾಲಗೆಯಿಂದ ಅಂಗಳಕ್ಕೆ ಒತ್ತಿ ರುಚಿ ನೋಡಿದಳು. ಹನ್ನೆರಡು ಹೆಂಗಸರೂ ಸುತ್ತ ನಿಂತಿದ್ದರು.

"ಇದು ನಮ್ಮ ಗುಡ್ಡದ್ದು," ಎಂದಳು.

"ಅವ್ವಾ, ಹಡಗದಾಗ ಬಂದದ ಇದು."

"ಹಡಗದಾಗ ಬರ್ಲಿ, ಇಮಾನದಾಗ ಬರ್ಲಿ. ಮೊದಲ ಕಬ್ಬಿಣದಂಗ ಹತ್ತತದ, ಕಡೀಗೆ ಚೂರು ಹುಳಿ. ಬೀದರ ಕಡೀ ಕಾವಿ ಸಪ್ಪ ಇರ್ತದ. ಈ ಹುಳಿ ನಮ್ಮ ಗುಡ್ಡದ ನೆತ್ತೀ ಮ್ಯಾಲಿನ ಪದರದ್ದು. ನಿಮ್ಮಪ್ಪ ಇದನ್ನೇ ಆರಿಸಿ ತರ್ತಿದ್ದ." ಮತ್ತೊಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ತುಟಿ ಕೆಂಪಾಯಿತು. "ಛಲೋ ಬೀಸ್ಯಾರ ಭಾಡ್ಯಾಗೋಳು."

ಬಂಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮತ್ತೆ ಯಾರೂ ನಗಲಿಲ್ಲ.

ಹಳಬರು ಕಾವಿಗೆ ಹುರಮಂಜಿ ಎನ್ನುತ್ತಿದ್ದರು. ಹುರಮುಜ್ ಎಂಬ ಬಂದರಿನಿಂದ ಹಡಗಿನಲ್ಲಿ ಬರುತ್ತಿದ್ದುದಕ್ಕೆ ಆ ಹೆಸರು. ಮುಂದೆ ನಮ್ಮ ಗುಡ್ಡಗಳಲ್ಲಿಯೇ ಸಿಕ್ಕಿತು, ಹಡಗು ನಿಂತಿತು. ಈಗ ಗುಡ್ಡವೇ ಹಡಗು ಹತ್ತಿ ಹೋಗಿ, ಪುಡಿಯಾಗಿ, ಸಿಂಹದ ಮುದ್ರೆ ಹೊಡೆಸಿಕೊಂಡು ಬಂದಿದೆ. ತೂಕದಲ್ಲಿ ಮಾರಿ ಬಣ್ಣದಲ್ಲಿ ಕೊಳ್ಳುವ ಈ ಮೂರ್ಖತನಕ್ಕೆ ದಿಲ್ಲಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಎನ್ನುತ್ತಾರೆ.

"ಮಾಮಾ, ಒಂದು ಅರ್ಜಿ ಬರ್ಕೊಡ್ರಿ," ಎಂದಳು ವಿಜಯಾ. "ನಿಮ್ಮಂಗ ಯಾರ್ ಬರೀತಾರ? ನನಗ ನನ್ನ ನಾಕು ಟ್ರ್ಯಾಕ್ಟರ್ ಕೊಡ್ಲಿ, ಸಾಕು. ಅವರ ಸಿಂಹಕ್ಕ ನಾ ಅಂಜಂಗಿಲ್ಲ. ದಸರಾದ ತನಕಾ ಕಲ್ಲು ಬರ್ಲಿಲ್ಲ ಅಂದ್ರ ಗಿರಣಿ ಉಳ್ಯಂಗಿಲ್ಲ."

ಬರೆದುಕೊಡುತ್ತೇನೆಂದೆ.

೨೮ ಮೇ, ಸೋಮವಾರ. ಸಂಜೆ

ನಿಲಂಗಾಕ್ಕೆ ಹೋಗಿದ್ದೆ. ಅರ್ಜಿ ಆರು ಪುಟ. ಇಷ್ಟು ಗಟ್ಟಿಯಾಗಿ, ಇಷ್ಟು ಚೊಕ್ಕವಾಗಿ ಈಚೆಗೆ ಏನನ್ನೂ ಬರೆದಿರಲಿಲ್ಲ. ಪರವಾನಗಿದಾರಳಿಗೆ ತಿಳಿಸದೆ ಪರವಾನಗಿ ರದ್ದುಮಾಡಲಾಗಿದೆ ಎಂಬುದೇ ಅದರ ಬೆನ್ನೆಲುಬು.

ವೈಜನಾಥ ಎದ್ದು ಕುರ್ಚಿ ಕೊಟ್ಟ. ಎರಡು ಪುಟ ಓದಿದ. ಆಮೇಲೆ ಓದುವುದನ್ನು ನಿಲ್ಲಿಸಿ ಕಪಾಟಿನಿಂದ ಫೈಲು ತಂದ.

"ಗುರೂಜಿ, ತಪ್ಪು ತಿಳೀಬ್ಯಾಡ್ರಿ. ತಿಳಿಸಿಲ್ಲ ಅಂತ ಬರದೀರಿ. ಇದು ನೋಡ್ರಿ."

ನಾನು ಬರೆದ ಮರಾಠಿ ಪ್ರತಿ. ನನ್ನ ಅಕ್ಷರ, ಅಂದವಾಗಿಯೇ ಇದೆ. ಕೊನೆಯಲ್ಲಿ ನನ್ನ ಕೆಂಪು ಸಹಿ, ಹದಿನಾರು ಜೂನ್. ಅದರ ಕೆಳಗೆ ಇನ್ಯಾರದೋ ಕೈ: ‘ಮೇಲಿನ ಎಲ್ಲ ಕಲಮುಗಳಿಗೂ ನನ್ನ ತಕರಾರು ಇಲ್ಲ.’ ಅದರ ಕೆಳಗೆ ವಿಜಯಶ್ರೀಯ ಸಹಿ. ಹತ್ತೊಂಬತ್ತು ಜೂನ್. ಸಭೆಗೆ ಹದಿನೈದು ದಿನ ಮೊದಲೇ.

"ಓಂಪ್ರಕಾಶ ಉದಗೀರಕ್ಕ ಹೋಗಿ ಮಾಡಿಸ್ಕೊಂಡು ಬಂದ. ತಾಯಿ ಮೊದಲ ಒಲ್ಲೆ ಅಂದಿದ್ಲಂತ. ನಿಮ್ಮ ಕೆಂಪು ಸಹಿ ತೋರ್ಸಿದ. ಆಮ್ಯಾಲ ಹಾಕಿದ್ಲು." ಫೈಲು ಮುಚ್ಚುತ್ತ, ಮೆಲ್ಲಗೆ: "ನಮ್ಮ ಸಾಹೇಬ್ರೂ ಅದನ್ನೇ ನೋಡಿ ಮುಂದ ಕಳಿಸ್ಯಾರ, ಗುರೂಜಿ. ಮಾಸ್ತರ ಓದಿದ್ ಕಾಗದಾ ಅಂದ್ರು."

ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ವೈಜನಾಥ ಬಸ್ ಸ್ಟ್ಯಾಂಡಿನವರೆಗೂ ಛತ್ರಿ ಹಿಡಿದ. ಮಳೆ ಇರಲಿಲ್ಲ, ಬಿಸಿಲಿತ್ತು.

ಓಂಪ್ರಕಾಶ ಮೂಢ, ಧೂಳಪ್ಪ ಲೋಭಿ, ಊರು ಕುರಿಮಂದೆ — ಇಷ್ಟನ್ನು ಎರಡು ವರ್ಷದಿಂದ ಈ ಪುಸ್ತಕದಲ್ಲಿ ಬರೆಯುತ್ತ ಬಂದಿದ್ದೇನೆ. ಅವರಲ್ಲಿ ಯಾರೂ ಹನ್ನೊಂದನೆಯ ಕಲಮನ್ನು ಅರ್ಥಮಾಡಿಕೊಂಡು ಓದಿರಲಿಲ್ಲ. ಓದಿದವನು

೯ ಸೆಪ್ಟೆಂಬರ್, ರವಿವಾರ

ನೂರಾ ನಾಲ್ಕು ದಿನ ಬರೆದಿಲ್ಲ.

ಉದಗೀರಕ್ಕೂ ಹೋಗಿಲ್ಲ. ಅರ್ಜಿಯ ಗತಿ ಏನಾಯಿತೆಂದು ವಿಜಯಾ ಬಾಲಾಜಿಯ ಕೈಯಲ್ಲಿ ಎರಡು ಸಲ ಕೇಳಿಸಿದಳು. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ. ಬೇರೆ ಯಾರಾದರೂ ಇಂಥ ನೆಪ ಹೇಳಿದ್ದರೆ ಏನು ಬರೆಯುತ್ತಿದ್ದೆ ಎಂಬುದು ಗೊತ್ತಿದೆ.

ಕಂಪನಿ ಹೋಯಿತು. ಹೊರದೇಶದಲ್ಲಿ ಕಟ್ಟಡದ ಕೆಲಸ ಕುಸಿದಿದೆಯಂತೆ. ಬಣ್ಣದ ದರ ಬಿದ್ದಿತು. ಒಂದು ಫ್ಯಾಕ್ಸ್ ಬಂತು. ಮರುದಿನ ಯಂತ್ರಗಳು ಹೆದ್ದಾರಿ ಹಿಡಿದವು. ಇಪ್ಪತ್ತು ವರ್ಷದ ಲೀಸು ಎರಡು ವರ್ಷವೂ ತುಂಬಲಿಲ್ಲ. ಕೊಟ್ಟವರು ಇಪ್ಪತ್ತು ವರ್ಷಕ್ಕೆ ಕೊಟ್ಟರು. ಕೊಂಡವರು ಬೇಕಾದಷ್ಟಕ್ಕೆ ಕೊಂಡರು.

ಧೂಳಪ್ಪ ಬೆಳಿಗ್ಗೆ ಕಾಗದ ತಂದ. ಲಾರಿಗಳ ಕರಾರು ರದ್ದಾದದ್ದು. ಗಟ್ಟಿಯಾಗಿ ಓದಿದೆ, ಅರ್ಥ ಹೇಳಿದೆ.

"ಅಂದ್ರ ಇನ್ನ ಲಾರಿ ಬ್ಯಾಡಂತಾರೇನು, ಗುರೂಜಿ?"

"ಹೌದು."

"ಮೂರು ಅವ. ಮೂರೂ ಬ್ಯಾಡಂತಾರೇನು?"

ತಿರಸ್ಕಾರಕ್ಕಾಗಿ ಹುಡುಕಿದೆ. ಕೈಗೆ ಸಿಗಲಿಲ್ಲ. ಕೆಂಪು ಸಹಿ ಹಾಕದೆ ಕಾಗದ ಹಿಂದಿರುಗಿಸಿದೆ. ಅವನು ಹೊಸ್ತಿಲಲ್ಲಿ ಹತ್ತು ನಿಮಿಷ ಸಹಿಗಾಗಿ ಕಾದು ಹೋದ.

ಸಂಜೆ ಗುಡ್ಡಕ್ಕೆ ಹೋಗಿ ಬಂದೆ. ನೆತ್ತಿಯ ಪದರ ಪೂರ್ತಿ ಹೋಗಿದೆ. ಕೆಳಗಿರುವುದು ಕಪ್ಪು ಕಲ್ಲು, ಬೀಸಲು ಬರುವುದಿಲ್ಲ. ತಗ್ಗಿನಲ್ಲಿ ಕೆಂಪು ನೀರು. ನಾಲ್ಕು ಟ್ರ್ಯಾಕ್ಟರ್ ಅಲ್ಲ, ನಾಲ್ಕು ಬುಟ್ಟಿಯೂ ಏಳುವುದಿಲ್ಲ. ನಾಲ್ಕು ಗಂಟೆಗೆ ಸುರಂಗ ಹಾರಲಿಲ್ಲ. ಅಭ್ಯಾಸದಿಂದ ಊರೆಲ್ಲ ಒಮ್ಮೆ ತಲೆಯೆತ್ತಿತು, ಎಮ್ಮೆಗಳೂ.

೧೧ ಅಕ್ಟೋಬರ್, ಗುರುವಾರ. ಮಧ್ಯಾಹ್ನ ಮೂರು, ಉದಗೀರದ ಗಿರಣಿಯಲ್ಲಿಯೇ ಕುಳಿತು

ವಿಜಯಾ ಈ ಸಲ ಕೇಳಿಸಲಿಲ್ಲ. ಬಾಲಾಜಿಯ ಕೈಯಲ್ಲಿ ಟಿಕೆಟ್ಟನ್ನೇ ಕಳಿಸಿದಳು. ಬಂದೆ.

ಬೀಸುಗಲ್ಲಿಗೆ ಗೋಣಿ ಹೊದಿಸಿದ್ದಾರೆ. ಗೋಡೆಗುಂಟ ಸಿಂಹದ ಚೀಲಗಳು, ಅರವತ್ತೋ ಎಪ್ಪತ್ತೋ. ಹೆಂಗಸರು ಅವುಗಳನ್ನು ಬಿಚ್ಚಿ, ಪುಡಿಯನ್ನು ನಮ್ಮ ಹಳೆಯ ಬಟ್ಟೆಯ ಚೀಲಗಳಿಗೆ ತುಂಬಿ ಬಾಯಿ ಹೊಲಿಯುತ್ತಿದ್ದಾರೆ. ಕಂಪನಿ ಹೋದರೂ ಅಲ್ಲಿಯ ಗೋದಾಮುಗಳಲ್ಲಿ ಇನ್ನೂ ಎಷ್ಟೋ ವರ್ಷದ ಗುಡ್ಡ ಇದೆಯಂತೆ.

"ಸಿಂಹದ ಏಜನ್ಸಿ ತಗೊಂಡೀನಿ, ಮಾಮಾ. ಏನ್ ಮಾಡ್ಲಿ? ದಸರಾ ಹದಿನೈದು ದಿನಾ ಉಳದದ. ಇವರೆಲ್ಲಾ ಎಲ್ಲಿ ಹೋಗ್ಬೇಕು?" ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಬೀಸೋದು ಹೋತು. ತುಂಬೋದು ಉಳೀತು. ಹನ್ನೆರಡು ಮಂದಿಯೊಳಗ ಐದು ಮಂದಿಗಿ ಸಾಕು. ಯಾವ ಏಳು ಮಂದಿ ಅಂತ ಇನ್ನೂ ಹೇಳಿಲ್ಲ."

ಗುರುಬಾಯಿ ಮೂಲೆಯಲ್ಲಿದ್ದಾಳೆ. ಯಾರೂ ಕೇಳದಿದ್ದರೂ ಪ್ರತಿ ಚೀಲದಿಂದ ಒಂದು ಚಿಟಿಕೆ ಬಾಯಿಗೆ ಹಾಕುತ್ತಿದ್ದಾಳೆ. ತುಟಿ ಕೆಂಪಗಿದೆ.

ನನ್ನಿಂದ ಬೇಕಾದದ್ದು ಒಂದು ಚೀಟಿ. ಚೀಲಕ್ಕೆ ಅಂಟಿಸಲು, ಕನ್ನಡ, ಮರಾಠಿ ಎರಡರಲ್ಲಿಯೂ. ಮಾಲು ಎಲ್ಲಿಯದು ಎಂದು ಬರೆಯಲೇಬೇಕಂತೆ, ಕಾಯ್ದೆ ಇದೆ. ಮಾಲಿನ ರಸೀದಿಯ ಮೇಲೆ ಪರದೇಶದ ಹೆಸರು.

"ನಮ್ಮ ಗುಡ್ಡದ್ದು ಅಂತ ಬರಿ, ಅಣ್ಣಾ," ಮೂಲೆಯಿಂದ ಗುರುಬಾಯಿ.

"ಹಂಗ ಬರದ್ರ ಪೊಲೀಸ್ ಬರ್ತಾರ, ಅವ್ವಾ."

"ಬರ್ಲಿ. ಅವರಿಗೂ ಒಂದು ಚಿಟಿಕೆ ಕೊಡ್ತೀನಿ."

ಕಾಗದ ಮುಂದಿಟ್ಟುಕೊಂಡೆ. ಬರೆಯಲಿಲ್ಲ. ಹೇಳಿದೆ: "ವಿಜಯಾ, ಹನ್ನೊಂದನೇ ಕಲಮು ನಾ ಅವತ್ತೇ ಓದಿದ್ದೆ. ನಿನ್ನ ಪರವಾನಗಿ ಹೋಗ್ತದ ಅಂತ ತಿಳಿದಿತ್ತು. ಸಭಾದಾಗ ಓದಬೇಕಂತ ಇಟ್ಟುಕೊಂಡಿದ್ದೆ. ಓದಲಿಲ್ಲ."

ಬಹಳ ವರ್ಷಗಳ ಮೇಲೆ ನನ್ನ ಬಾಯಲ್ಲಿ ಮನೆಯ ಮಾತು ಬಂತು.

ಅವಳ ಸೂಜಿ ನಿಲ್ಲಲಿಲ್ಲ.

"ಓದದೇ ಸಹಿ ಹಾಕೋರಲ್ಲ ನೀವು, ಮಾಮಾ. ಅದು ನನಗ ಗೊತ್ತಿತ್ತು. ಅದಕ್ಕೇ ನಾನೂ ಹಾಕ್ದೆ." ದಾರವನ್ನು ಹಲ್ಲಿನಿಂದ ಕಡಿದಳು. "ಈಗ ಚೀಟಿ ಬರೀರಿ. ಬರದು ಕೆಂಪು ಸಹಿ ಮಾಡ್ರಿ. ಇವರ್ಯಾರೂ ಅದಿಲ್ಲದೇ ಅಂಟ್ಸಂಗಿಲ್ಲ."

ಬರೆದೆ. ಎರಡು ಸಾಲು. ತಪ್ಪಿಲ್ಲ. ಕೆಂಪು ಪೆನ್ನು ತೆಗೆದೆ, ಮುಚ್ಚಳ ಹಾಕಿಬಿಟ್ಟೆ. ವಿಜಯಾ ಒಳಗೆ ಹೋಗಿದ್ದಾಳೆ. ಕೈ ಸುಮ್ಮನಿರಲೊಲ್ಲದೆ ಈ ಪುಸ್ತಕ ತೆರೆದು ಇಷ್ಟನ್ನು ಗೀಚುತ್ತಿದ್ದೇನೆ.

ಬಂಡಮ್ಮ ಅಂಟಿನ ಡಬ್ಬಿ ಹಿಡಿದು ಎದುರಿಗೆ ಬಂದು ನಿಂತಳು. ಹಿಂದೆ ಉಳಿದವರು. ಬಂಡಮ್ಮನಿಗೆ ಅಕ್ಷರ ಬರುವುದಿಲ್ಲ.

"ಗುರೂಜಿ, ನಿಮ್ಮೂರಾಗ ಗಟ್ಟಿಯಾಗಿ ಓದಿ ಹೇಳಿ ಆಮ್ಯಾಲ ಸಹಿ ಮಾಡ್ತೀರಂತ. ನಮಗೂ ಓದಿ ಹೇಳ್ರಿ. ಈ ಮಣ್ಣು ಯಾರ್ದು, ಹ್ಯಾಂಗ ಹೋತು?"

ಹನ್ನೆರಡು ಜನ. ಕೆಳಗೆ ಕುಳಿತುಕೊಳ್ಳುತ್ತಿದ್ದಾರೆ, ಶಾಲೆಯಲ್ಲಿ ಕೂರುವಂತೆ. ಚೀಟಿಯಲ್ಲಿರುವ ಎರಡು ಸಾಲಿನಿಂದ ಇವರಿಗೆ ಏನೂ ತಿಳಿಯುವುದಿಲ್ಲ. ಹಳೆಯ ಕಾಗದವನ್ನು ಬರುವಾಗ ಜುಬ್ಬಾದ ಕಿಸೆಗೆ ಹಾಕಿಕೊಂಡಿದ್ದೆ. ಹನ್ನೊಂದನೆಯದರ ಕೆಳಗೆ ಗೆರೆ ಎಳೆದದ್ದು ಹಾಗೆಯೇ ಇದೆ. ಅಲ್ಲಿಂದಲೇ ಓದಬೇಕು. ಅಗೆದ ಕಲ್ಲೆಲ್ಲವನ್ನೂ —